ಎಂಜಿನ್ ಇಲ್ಲದ ವಿಮಾನದಲ್ಲಿ ಏಳು ನಿಮಿಷ

ಇದನ್ನು ಓದಿ ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಇಂಥ ಮಾತು ಕೇಳಿದರೆ ನಗಬೇಕು ಎಂದು ಅವರಿಗೆ ಕಲಿಸಿದವನು ನಾನೇ. ಘಾಟ್ಕೋಪರಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಿಜ್ಞಾನ ಹೇಳಿಕೊಟ್ಟೆ. ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಊಟ ಕೇಳುವುದು, ಇಂಥದ್ದನ್ನು ಯಾರಾದರೂ ಶುರು ಮಾಡಿದರೆ "ಆ ದಿವಸ ಮಲಗುವ ಮುಂಚೆ ಎಂತ ತಿಂದಿದ್ದೆ ಮಾರಾಯ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಊರಿನ ನೆಂಟರು ನನ್ನ ಎದುರು ಅಂಥ ಮಾತು ಎತ್ತುವುದನ್ನೇ ಬಿಟ್ಟಿದ್ದರು.

ಈಗಲೂ ನಾನು ಬದಲಾಗಿದ್ದೇನೆ ಎಂದುಕೊಳ್ಳಬೇಡಿ. ಭೂತ ಪ್ರೇತ ಉಂಟು ಎಂದು ಈ ಬಾಯಿಂದ ಬರುವುದಿಲ್ಲ. ಆದರೆ ಆರು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಳ್ಳೆಯ ಬಿಸಿಲಿನಲ್ಲಿ, ಹೊಟ್ಟೆಯಲ್ಲಿ ಎರಡು ಇಡ್ಲಿ ಬಿಟ್ಟು ಬೇರೇನೂ ಇಲ್ಲದಿದ್ದಾಗ ನಡೆದದ್ದು ಇದು. ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ.

ಮೊದಲು ಅಣ್ಣನ ವಿಷಯ ಹೇಳಬೇಕು. ಅವನು ನನಗಿಂತ ಎಂಟು ವರ್ಷ ದೊಡ್ಡವನು. ಕುಂದಾಪುರದ ಕಡೆಯಿಂದ ಚಿಕ್ಕವನಿರುವಾಗಲೇ ಮುಂಬಯಿಗೆ ಬಂದು, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಅಲ್ಲಿಯ ಅಡಿಗೆಗೆಲ್ಲ ಹಿರಿಯನಾದ. ನನ್ನನ್ನು ಕರೆಸಿಕೊಂಡ, ದೋಸೆಕಾವಲಿಯ ಮುಂದೆ ನಿಂತು ನನ್ನನ್ನು ಓದಿಸಿದ. ಮುಲುಂಡಿನ ಹಳೆಯ ಬಿಲ್ಡಿಂಗಿನ ಒಂದು ಮನೆಯಲ್ಲಿ ಅವನು, ಅತ್ತಿಗೆ, ಅವರ ಒಬ್ಬಳೇ ಮಗಳು ಅಶ್ವಿನಿ ಮತ್ತು ನಾನು ಇದ್ದೆವು. ನಾನು ಮದುವೆಯಾಗಲಿಲ್ಲ. ಅದು ಬೇರೆ ಕತೆ, ಅದರಲ್ಲಿ ವಿಚಿತ್ರ ಏನೂ ಇಲ್ಲ.

ಅಶ್ವಿನಿಗೆ ಹದಿನಾಲ್ಕು ವರ್ಷವಿದ್ದಾಗ ಒಂದು ಬೆಳಿಗ್ಗೆ ಅಣ್ಣ ಎಂದಿನ ಹಾಗೆ ಲೋಕಲ್ ಹಿಡಿಯಲು ಹೊರಟ. ಹೋಟೆಲಿಗೆ ತಲುಪಲಿಲ್ಲ. ಮನೆಗೂ ಬರಲಿಲ್ಲ. ಅಷ್ಟೇ. ಮನೆಯಲ್ಲಿ ಜಗಳವಿರಲಿಲ್ಲ, ಅವನಿಗೆ ಕುಡಿತವಿರಲಿಲ್ಲ, ಕಾಯಿಲೆಯಿರಲಿಲ್ಲ. ಪೊಲೀಸರಲ್ಲಿಗೆ ಹೋದೆವು, ಆಸ್ಪತ್ರೆಗಳಿಗೆ ಹೋದೆವು. ಹಳಿಯ ಮೇಲೆ ಸಿಕ್ಕ ಹೆಸರಿಲ್ಲದ ಹೆಣಗಳನ್ನು ಇಡುವಲ್ಲಿಗೆ ಎರಡು ವರ್ಷ ನಾನೇ ಹೋಗುತ್ತಿದ್ದೆ. ಬಟ್ಟೆ ಸರಿಸಿ ತೋರಿಸುತ್ತಿದ್ದರು. ಪ್ರತಿ ಸಲವೂ ಅಣ್ಣನಲ್ಲ. ಹೊರಗೆ ಬಂದು ಒಂದು ಚಹಾ ಕುಡಿದು ಮನೆಗೆ ಹೋಗಿ "ಅಲ್ಲ" ಎನ್ನುತ್ತಿದ್ದೆ. ಅತ್ತಿಗೆ ದೇವರಿಗೆ ದೀಪ ಹಚ್ಚುತ್ತಿದ್ದರು.

ಹೀಗೆ ಹನ್ನೆರಡು ವರ್ಷ ಕಳೆಯಿತು. ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ಮಾತು ಬಂದು ಇಡೀ ಸೊಸೈಟಿ ಒಪ್ಪಿದರೂ ಅತ್ತಿಗೆ ಒಬ್ಬರು ಒಪ್ಪಲಿಲ್ಲ. "ಅವರು ವಾಪಸ್ ಬಂದ್ರೆ ಯಾವ ಬಾಗಿಲು ತಟ್ಟುದು?" ಎಂದು ಸೆಕ್ರೆಟರಿಯನ್ನು ಕೇಳಿದರು. ಪಾಪ, ಆ ಗುಜರಾತಿ ಮನುಷ್ಯ ಏನು ಹೇಳಿಯಾನು? ಕಾಗದಗಳನ್ನು ಹಾಗೆಯೇ ತೆಗೆದುಕೊಂಡು ಹೋದ.

ಆಮೇಲೆ ಅಶ್ವಿನಿಗೆ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ನಾಂದಿ ಎಂದು ಒಂದು ಶಾಸ್ತ್ರ ಇದೆಯಲ್ಲ, ತೀರಿಕೊಂಡ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆಯುವುದು, ಅಲ್ಲಿ ತೊಡಕು ಬಂತು. ನಮ್ಮ ಪುರೋಹಿತರು ಪೆನ್ನು ಹಿಡಿದುಕೊಂಡು ಕುಳಿತು, "ಹುಡುಗಿಯ ತಂದೆಯನ್ನು ಯಾವ ಕಡೆ ಬರೆದುಕೊಳ್ಳಲಿ? ಇದ್ದವರ ಕಡೆಯೋ, ಹೋದವರ ಕಡೆಯೋ?" ಎಂದು ಕೇಳಿದರು. ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ಶಾಸ್ತ್ರದಲ್ಲಿ ಒಂದು ದಾರಿಯಿದೆ ಎಂದು ಅವರೇ ಹೇಳಿದರು: ದರ್ಭೆಯಿಂದ ಆಳಿನ ಆಕಾರ ಮಾಡಿ, ಅದಕ್ಕೆ ಅವರ ಹೆಸರು ಗೋತ್ರ ಹೇಳಿ, ಸುಟ್ಟುಬಿಡುವುದು. ಗಂಡು ಮಕ್ಕಳಿಲ್ಲದ್ದರಿಂದ ಬೆಂಕಿ ಕೊಡಬೇಕಾದವನು ತಮ್ಮ, ಎಂದರೆ ನಾನು.

ಸುಳ್ಳು ಯಾಕೆ ಹೇಳಲಿ, ನನಗೆ ಅದೇ ಸರಿ ಎನ್ನಿಸಿತು. ಶಾಸ್ತ್ರದಲ್ಲಿ ನಂಬಿಕೆಯಿದ್ದು ಅಲ್ಲ. ಹನ್ನೆರಡು ವರ್ಷ ಒಂದು ಮನೆ ಉಸಿರು ಬಿಗಿಹಿಡಿದು ಕುಳಿತಿರುವುದು ಸಾಕು ಎನ್ನಿಸಿತ್ತು. ಅತ್ತಿಗೆಯನ್ನು ನಾನೇ ಕೂಡಿಸಿಕೊಂಡು ಹೇಳಿದೆ. ಒಂದು ವಾರ ಅವರು ಸರಿಯಾಗಿ ಉಣ್ಣಲಿಲ್ಲ. ಒಂದು ದಿನ ಕಾಯಿ ತುರಿಯುತ್ತಾ ಇದ್ದವರು ತಲೆ ಎತ್ತದೆ, "ಮಗಳ ಮದುವೆ ಆಗ್ಲಿ. ನೀವು ಹೇಳಿದ ಹಾಗೆ ಮಾಡಿ" ಎಂದರು. ಮುಂದಿನ ಗುರುವಾರ ಎಂದು ನಿಶ್ಚಯವಾಯಿತು.

ಆ ಗುರುವಾರಕ್ಕೆ ಮುಂಚಿನ ಭಾನುವಾರವೇ ನಾನು ಹೇಳಹೊರಟದ್ದು. ನಾನು ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಅಶ್ವಿನಿ ಹಿಂದಿನ ದಿನ ಬಂದು, "ಚಿಕ್ಕಪ್ಪ, ಕಲ್ ಸುಬಹ್ ಜಲ್ದಿ ರೆಡಿ ಇರಿ. ಎಲ್ಲಿಗೆ ಅಂತ ಪೂಛನಾ ಮನಾ" ಎಂದಳು. ನಾಳೆ ಬೆಳಿಗ್ಗೆ ಬೇಗ ತಯಾರಿರಬೇಕು, ಎಲ್ಲಿಗೆಂದು ಕೇಳಕೂಡದು ಎಂದು. ಅವಳ ಕನ್ನಡವೇ ಹಾಗೆ, ಕನ್ನಡ ಶಾಲೆಯ ಮೇಷ್ಟ್ರ ಮನೆಯಲ್ಲಿ ಬೆಳೆದು! ಮದುವೆ ಹಾಲ್ ತೋರಿಸಲಿಕ್ಕೆ ಇರಬೇಕು ಎಂದುಕೊಂಡು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ. ಕಾರು ಮುಲುಂಡ್ ದಾಟಿತು, ಘಾಟಿ ಹತ್ತಿತು, ಮೂರು ಗಂಟೆ ಓಡಿತು. ಕೊನೆಗೆ ಒಂದು ಬಯಲಿನಲ್ಲಿ ನಿಂತಾಗ ಎದುರಿಗೆ ಉದ್ದ ರೆಕ್ಕೆಯ ಬಿಳಿಯ ಗ್ಲೈಡರ್, ಎಂದರೆ ಎಂಜಿನ್ ಇಲ್ಲದ ವಿಮಾನ, ಒಂದು ಬದಿಗೆ ವಾಲಿಕೊಂಡು ನಿಂತಿತ್ತು.

ಪ್ರತಿ ವರ್ಷ ಎಂಟನೆಯ ತರಗತಿಯಲ್ಲಿ ಈ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ರೆಕ್ಕೆ ಬರೆದು, ಕಾಗದದ ವಿಮಾನ ಹಾರಿಸಿ ತೋರಿಸುತ್ತಿದ್ದೆ. ನನ್ನ ವಿದ್ಯಾರ್ಥಿಗಳೆಲ್ಲ ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಒಬ್ಬ ಹುಡುಗಿ ಒಮ್ಮೆ ಎದ್ದು, "ಸರ, ಇಂಜಿನ್ ಇಲ್ಲದ ಇಮಾನ ಬೀಳಂಗಿಲ್ಲೇನ್ರಿ? ನೀವು ಕುಂತೀರೇನ್ರಿ ಅದರಾಗ?" ಎಂದು ಕೇಳಿದ್ದಳು. ಕೂತಿಲ್ಲ ಎಂದು ಒಪ್ಪಿಕೊಂಡಿದ್ದೆ. ಆ ಮಾತನ್ನು ನಾನು ಮನೆಯಲ್ಲಿ ಹೇಳಿದ್ದು ಅಶ್ವಿನಿಗೆ ನೆನಪಿತ್ತು. "ರಿಟೈರ್ಮೆಂಟ್ ಗಿಫ್ಟ್" ಎಂದು ನನ್ನ ಕೈಗೆ ಚೀಟಿ ಕೊಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಗುರುವಾರ ಅವಳ ಮನಸ್ಸಿನಲ್ಲೂ ಇತ್ತು. ನಾನಾದರೂ ಒಂದು ದಿನ ನಗಲಿ ಎಂದು ಮಾಡಿದ್ದಳು.

ಹಾರಿಸುವವರು ವಾಯುಸೇನೆಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು, ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಮೊದಲು ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಂಡರು. ಇಬ್ಬರ ತೂಕ ಸೇರಿ ಇಷ್ಟರೊಳಗೆ ಇರಬೇಕು ಎಂದು ಅಲ್ಲಿ ಕಟ್ಟುನಿಟ್ಟು. ನಾನು ಅರವತ್ತೆರಡು ಕಿಲೋ ಇದ್ದೆ. ಗ್ಲೈಡರಿನಲ್ಲಿ ಹೊಸಬನನ್ನು ಮುಂದೆ ಕೂಡಿಸುತ್ತಾರೆ, ನಡೆಸುವವರು ಹಿಂದೆ. ಭುಜ, ಸೊಂಟ ಎಲ್ಲ ಪಟ್ಟಿ ಬಿಗಿದ ಮೇಲೆ ತಿರುಗಿ ನೋಡಲು ಆಗುವುದಿಲ್ಲ. ಮುಂದಿನ ಗಾಜಿನ ಮೇಲೆ ಗೇಣುದ್ದದ ಕೆಂಪು ಉಣ್ಣೆ ದಾರ ಅಂಟಿಸಿದ್ದರು. ಅದು ನೆಟ್ಟಗೆ ಇದ್ದರೆ ನಾವು ನೆಟ್ಟಗೆ ಹೋಗುತ್ತಿದ್ದೇವೆ ಎಂದು ಕ್ಯಾಪ್ಟನ್ ಹಿಂದಿಯಲ್ಲಿ ಹೇಳಿದರು.

ಬಯಲಿನ ಆ ತುದಿಯಲ್ಲಿ ಒಂದು ಯಂತ್ರ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತದೆ, ಗ್ಲೈಡರ್ ಅದರ ಎಳೆತಕ್ಕೆ ಮೇಲೇಳುತ್ತದೆ. ನಾಲ್ಕು ಹೆಜ್ಜೆ ಓಡಿದ್ದೇ ತಡ, ಮೂಗು ಆಕಾಶಕ್ಕೆ ಎದ್ದಿತು. ಬೆನ್ನಿನ ಮೇಲೆ ಮಲಗಿದ ಹಾಗಾಯಿತು. ಪಾಠ ಮಾಡುವುದು ಬೇರೆ, ಕೂರುವುದು ಬೇರೆ. ನನ್ನ ಎರಡೂ ಕೈ ಪಟ್ಟಿಯನ್ನು ಹಿಡಿದುಕೊಂಡಿದ್ದವು. ಮೇಲೆ ಹೋದ ಮೇಲೆ 'ಟಕ್' ಎಂದು ಹಗ್ಗ ಕಳಚಿತು. ಆಮೇಲೆ ಗಾಳಿಯ ಸುಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಕೆಳಗೆ ಗುಡ್ಡ, ಒಣಗಿದ ಹೊಲ, ಒಂದು ಕೆರೆ. ಕ್ಯಾಪ್ಟನ್ ಒಂದೆರಡು ಮಾತಾಡಿ ಸುಮ್ಮನಾದರು. ಎಡಕ್ಕೆ ಒಂದು ಸುತ್ತು ಹೊಡೆದೆವು.

ಆಗ ಹಿಂದಿನಿಂದ ದನಿ ಕೇಳಿತು.

"ಎಂತ ಮಾಣಿ, ಹೆದ್ರಿಕೆ ಆಯ್ತಾ? ನಾನಿದ್ದೇನಲ್ಲ ಹಿಂದೆ."

ಅಣ್ಣನ ದನಿ. ಹಾಗಿತ್ತು ಹೀಗಿತ್ತು ಎಂದು ಸುತ್ತಿ ಬಳಸಿ ಹೇಳುವುದಿಲ್ಲ, ಅಣ್ಣನದೇ. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಸ್ವಲ್ಪ ಒಡೆದ ದನಿ. ನನಗೆ ಐವತ್ತೆಂಟು ವರ್ಷ ಆಗ, ತಲೆ ಬೋಳು, ನನ್ನನ್ನು ಮಾಣಿ, ಎಂದರೆ ಹುಡುಗ, ಎಂದು ಕರೆಯುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ನಾನು ಹದಿಮೂರು ವರ್ಷದವನಿದ್ದಾಗ ಊರಿಂದ ಬಂದ ಮರುದಿನ ಅಣ್ಣ ನನ್ನನ್ನು ಘಾಟ್ಕೋಪರಿನಲ್ಲಿ ಮೊದಲ ಸಲ ಲೋಕಲ್ ಹತ್ತಿಸಿದ್ದ. ಆ ನೂಕುನುಗ್ಗಲಿನಲ್ಲಿ ನಾನು ಅತ್ತುಬಿಟ್ಟಾಗ ಹಿಂದೆ ಗೋಡೆಯ ಹಾಗೆ ನಿಂತು ಇದೇ ಮಾತು ಹೇಳಿದ್ದ. ಅದು ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರುವ ಮಾತಲ್ಲ.

ಇನ್ನೂ ವಿಚಿತ್ರ ಎಂದರೆ, ನನಗೆ ಆಗ ಏನೂ ವಿಚಿತ್ರ ಎನ್ನಿಸಲೇ ಇಲ್ಲ. ಅಣ್ಣ ಹಿಂದೆ ಇದ್ದಾನೆ, ಕೇಳುತ್ತಿದ್ದಾನೆ, ಅಷ್ಟೇ. ಪಟ್ಟಿ ಹಿಡಿದ ಕೈ ಸಡಿಲವಾಯಿತು. "ಇಲ್ಲ ಅಣ್ಣ, ಹೆದ್ರಿಕೆ ಇಲ್ಲ" ಎಂದೆ. ಜೋರಾಗಿಯೇ ಹೇಳಿದೆ. ಕೆಂಪು ದಾರ ಗಾಜಿನ ಮೇಲೆ ನೆಟ್ಟಗೆ ನಿಂತಿತ್ತು. ಹಾಗೆ ಎಷ್ಟು ಹೊತ್ತು ಕುಳಿತಿದ್ದೆನೋ, ಹನ್ನೆರಡು ವರ್ಷದಲ್ಲಿ ಅಷ್ಟು ಹಗುರವಾಗಿ ನಾನು ಒಂದು ದಿನವೂ ಕುಳಿತದ್ದಿಲ್ಲ.

"ಮಾಸ್ತರ್, ಕಿಸ್ಸೆ ಬಾತ್ ಕರ್ ರಹೇ ಹೋ?" ಎಂದು ಕ್ಯಾಪ್ಟನ್ ಹಿಂದಿನಿಂದ ಕೇಳಿದರು. ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು. ಹಿಂದಿನ ಸೀಟಿನಲ್ಲಿ ಇರುವವರು ಕ್ಯಾಪ್ಟನ್ ಎಂಬುದು ನನಗೆ ಆಗ ನೆನಪಾಯಿತು.

ಇಳಿದ ಮೇಲೆ ಅವರು ಗಡಿಯಾರ ನೋಡಿ ಮುಖ ಸಿಂಡರಿಸಿದರು. ಹತ್ತು ಹನ್ನೆರಡು ನಿಮಿಷ ತೇಲಬೇಕಾದ್ದು ಏಳೇ ನಿಮಿಷಕ್ಕೆ ಕೆಳಗೆ ಬಂದಿದ್ದೆವು. "ವಜನ್ ಬರಾಬರ್ ಲಿಖಾಯಾ ಥಾ ನಾ?" ಎಂದು ತೂಕದ ಬಗ್ಗೆ ನನ್ನನ್ನು ಕೇಳಿದರು. ಮತ್ತೆ ತಕ್ಕಡಿಯ ಮೇಲೆ ನಿಲ್ಲಿಸಿದರು. ಅದೇ ಅರವತ್ತೆರಡು. ಅವರು ನಗುತ್ತಾ, ಗಾಡಿ ಎಷ್ಟು ಭಾರವಾಗಿತ್ತೆಂದರೆ ಮೂರನೆಯವನು ಯಾರೋ ಕೂತ ಹಾಗಿತ್ತು, ಆ ಸುತ್ತು ಹೊಡೆಯುವಾಗ ಅದನ್ನು ಸಂಭಾಳಿಸುವುದರಲ್ಲಿ ತಾವು ಬಾಯಿ ಬಿಡಲೇ ಇಲ್ಲ ಎಂದರು. ಅವರಿಗೆ ಅದು ತಮಾಷೆ. ನಾನು ಅಲ್ಲೇ ಹುಲ್ಲಿನ ಮೇಲೆ ಕುಳಿತೆ. ಅಶ್ವಿನಿ ಓಡಿ ಬಂದು ನೀರು ಕೊಟ್ಟಳು, "ಮಜಾ ಆಯ್ತಾ ಚಿಕ್ಕಪ್ಪ?" ಎಂದಳು. ಆಯ್ತು ಎಂದೆ.

ಗಾಳಿ ಕೆಲವು ಕಡೆ ಕೆಳಗಿಳಿಯುತ್ತಿರುತ್ತದೆ, ಅಂಥಲ್ಲಿ ಸಿಕ್ಕಿದರೆ ಗ್ಲೈಡರ್ ಬೇಗ ಇಳಿಯುತ್ತದೆ. ಇದು ನಾನೇ ಕಲಿಸಿದ ಪಾಠ. ಹೆದರಿದ ತಲೆಗೆ ಹಳೆಯ ಮಾತು ಕೇಳುವುದೂ ಹೊಸದಲ್ಲ. ಗುರುವಾರ ಬೆಂಕಿ ಕೊಡಬೇಕಾದ ತಮ್ಮನಿಗೆ ಅಣ್ಣನ ದನಿ ಕೇಳದೆ ಇನ್ನಾರದು ಕೇಳಬೇಕು? ಹೀಗೆ ಮೂರು ದಿನ ನನಗೆ ನಾನೇ ಪಾಠ ಮಾಡಿಕೊಂಡೆ. ಯಾರಾದರೂ ಹುಡುಗ ಬಂದು ಹೇಳಿದ್ದರೆ ಇಷ್ಟರಲ್ಲಿ ಮುಗಿಸಿ ಕಳಿಸುತ್ತಿದ್ದೆ. ನನ್ನ ಪಾಠ ನನಗೇ ಹತ್ತಲಿಲ್ಲ.

ಬುಧವಾರ ಸಂಜೆ ತಡೆಯಲಾರದೆ ಅತ್ತಿಗೆಗೆ ಹೇಳಿಬಿಟ್ಟೆ. ಅದು ನಾನು ಮಾಡಿದ ತಪ್ಪು. ಅವರು ಮರುದಿನಕ್ಕೆ ಬೇಕಾದ ತಾಮ್ರದ ತಂಬಿಗೆ ತಿಕ್ಕುತ್ತಿದ್ದರು. ಕೈ ನಿಂತಿತು. ಎರಡು ಸಲ ಹೇಳಿಸಿ ಕೇಳಿದರು. ಆಮೇಲೆ ಅವರ ಮುಖ ಹೇಗೆ ಬೆಳಗಿತೆಂದರೆ ನನಗೆ ನೋಡಲಾಗಲಿಲ್ಲ. "ಇದ್ದಾರೆ! ನಂಗೆ ಗೊತ್ತಿತ್ತು. ಸತ್ತವರು ಹೀಗೆ ಸಮಾಧಾನ ಹೇಳ್ತಾರಾ? ನಾಳೆದು ಬೇಡ ಅಂತ ಭಟ್ರಿಗೆ ಫೋನ್ ಮಾಡಿ" ಎಂದರು.

ಫೋನ್ ಮಾಡಿದೆ. ಪುರೋಹಿತರು ಪೂರ್ತಿ ಕೇಳಿ, "ನೋಡಿ ಮೇಷ್ಟ್ರೇ, ಇಷ್ಟು ದಿನ ನನಗೂ ಅನುಮಾನ ಇತ್ತು, ಈಗ ಇಲ್ಲ. ಹೋದವರಲ್ಲದೆ ಹಾಗೆ ಬಂದು ಮಾತಾಡುವವರು ಯಾರು? ಗತಿ ಕಾಣದೆ ಒದ್ದಾಡ್ತಾ ಇದ್ದಾರೆ. ಒಂದು ದಿನವೂ ತಡ ಮಾಡಬೇಡಿ" ಎಂದರು. ಫೋನ್ ಇಟ್ಟು ಕುಳಿತೆ. ಒಂದೇ ದನಿ, ಅದರಿಂದ ಅತ್ತಿಗೆಗೆ ಅಣ್ಣ ಬದುಕಿದ, ಪುರೋಹಿತರಿಗೆ ಸತ್ತ. ಅದು ದನಿಯೇ ಅಲ್ಲ ಎಂದು ಹೇಳಬೇಕಾದವನು ನಾನು.

ಹಾಗೆಯೇ ಹೇಳಿದೆ. ನನ್ನ ಹಟ ನಿಮಗೆ ಅರ್ಥವಾಗುತ್ತದೋ ಇಲ್ಲವೋ. ಒಂದು ದನಿ ಕೇಳಿತು ಎನ್ನುವ ಕಾರಣಕ್ಕೆ ನಿಶ್ಚಯವಾಗಿದ್ದ ಕೆಲಸ ನಿಲ್ಲಿಸಿದರೆ ಜೀವನ ಪೂರ್ತಿ ನಾನು ನಕ್ಕದ್ದೆಲ್ಲ ಸುಳ್ಳಾಗುತ್ತಿತ್ತು. "ಅದು ನನ್ನ ತಲೆಯ ಭ್ರಮೆ ಅತ್ತಿಗೆ, ನಾಳೆ ಆಗಲಿ" ಎಂದೆ. ಅವರು ನನ್ನನ್ನೇ ನೋಡಿದರು. "ನಿಮ್ಮ ಕಿವಿಯಲ್ಲೇ ಕೇಳಿದ್ದೀರಿ. ಕೇಳಿದ ಮೇಲೂ ಬೆಂಕಿ ಕೊಡ್ತೀರಾ?" ಎಂದು ಮೆಲ್ಲಗೆ ಕೇಳಿದರು.

ಕೊಟ್ಟೆ. ಸ್ಮಶಾನದ ಗುಮಾಸ್ತ ಮೊದಲು ಡಾಕ್ಟರರ ಕಾಗದ ಕೇಳಿದ, ಹೆಣವೇ ಇಲ್ಲ ಎಂದಾಗ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಒಂದು ಮೂಲೆ ತೋರಿಸಿದ. ದರ್ಭೆ, ಮುತ್ತುಗದ ಎಲೆಯ ತೊಟ್ಟು, ತಲೆಯ ಜಾಗದಲ್ಲಿ ಒಂದು ತೆಂಗಿನಕಾಯಿ. ಮಲಗಿಸಿದರೆ ಮೂರು ವರ್ಷದ ಮಗುವಿನಷ್ಟಿತ್ತು. ಪುರೋಹಿತರು ಅಣ್ಣನ ಹೆಸರು ಹೇಳಿದರು, ನಾನೂ ಹೇಳಿದೆ. ಬೆಂಕಿ ಹಿಡಿಯಿತು. ಕಾಯಿ ಒಡೆದ ಸದ್ದಿಗೆ ನಾನು ಬೆಚ್ಚಿಬಿದ್ದೆ. ಮನೆಗೆ ಬಂದಾಗ ಅಶ್ವಿನಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅಮ್ಮ ಎಲ್ಲ ಹೇಳಿದ್ದರು. "ಸಾರಿ ಚಿಕ್ಕಪ್ಪ, ನಾನು ಆ ಗಿಫ್ಟ್ ಕೊಡಬಾರದಿತ್ತು" ಎಂದು ಅತ್ತಳು. ಅವಳದೇನು ತಪ್ಪು? ಹಾಗೆಂದು ಹೇಳಿ ತಲೆ ಸವರಿದೆ.

ಮದುವೆ ನಾಲ್ಕು ತಿಂಗಳ ನಂತರ ಚೆನ್ನಾಗಿಯೇ ಆಯಿತು. ನಾಂದಿಯಲ್ಲಿ ಅಣ್ಣನ ಹೆಸರನ್ನು ಹೋದವರ ಕಡೆ ಹೇಳಿದರು. ಅತ್ತಿಗೆ ಕುಂಕುಮ ತೆಗೆದಿರಲಿಲ್ಲ, ತೆಗೆಯಿರಿ ಎಂದು ಯಾರೂ ಹೇಳಲೂ ಇಲ್ಲ. ಆದರೆ ಮಗಳಿಗೆ ಆರತಿ ಎತ್ತುವಾಗ ಅವರು ತಾವಾಗಿಯೇ ಹಿಂದೆ ಸರಿದು ಕಂಬದ ಪಕ್ಕ ನಿಂತರು. ನಾನು ಕರೆದೆ. ಬರಲಿಲ್ಲ.

ಆ ನಾಲ್ಕು ತಿಂಗಳು ಅವರು ನನ್ನ ಹತ್ತಿರ ಆ ವಿಷಯ ಎತ್ತಿರಲಿಲ್ಲ. ನನಗೆ ಊಟ ಬಡಿಸುತ್ತಿದ್ದರು, ಬಟ್ಟೆ ಮಡಿಸಿ ಇಡುತ್ತಿದ್ದರು, ಎಲ್ಲ ಮೊದಲಿನ ಹಾಗೆಯೇ. ಮದುವೆಯ ಮರುದಿನ ನೆಂಟರೆಲ್ಲ ಹೋದ ಮೇಲೆ ಸಂಜೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅವರು ಬಾಡಿದ ಹೂ ಗುಡಿಸುತ್ತಿದ್ದರು.

"ಒಂದು ಕೇಳ್ತೇನೆ, ಕೋಪ ಮಾಡ್ಬೇಡಿ" ಎಂದರು. "ಅವತ್ತು ಅವರ ಸ್ವರ ಬಂದಾಗ, ಎಲ್ಲಿದ್ದೀರಿ ಅಂತ ನೀವು ಕೇಳ್ಲಿಲ್ವಾ?"

ಅಯ್ಯೋ ದೇವರೇ! ನಾನು ಕೇಳಿರಲಿಲ್ಲ. ಹನ್ನೆರಡು ವರ್ಷ ಪೊಲೀಸರನ್ನು, ಚಹಾದವರನ್ನು, ಸ್ಟೇಶನ್ನಿನ ಭಿಕ್ಷುಕರನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದ್ದು ಅದೊಂದೇ ಪ್ರಶ್ನೆ. ಅವನೇ ಬಂದು ಮಾತಾಡಿದಾಗ ನನಗೆ ಹೆದರಿಕೆ ಇಲ್ಲ ಎಂದು ನನ್ನ ವಿಷಯ ಹೇಳಿ, ಆರಾಮವಾಗಿ ಕುಳಿತುಬಿಟ್ಟೆ. ಭ್ರಮೆಯಾಗಿದ್ದರೂ ಕೇಳಬಹುದಿತ್ತು. ಕೇಳಿದ್ದರೆ ಏನು ಹೇಳುತ್ತಿದ್ದನೋ, ಏನೂ ಹೇಳುತ್ತಿರಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಮರೆತು ಹೋಯ್ತು ಅತ್ತಿಗೆ" ಎಂದೆ.

ಅವರು ಮತ್ತೆ ಗುಡಿಸತೊಡಗಿದರು.